ಪದಕಕ್ಕಿಂತ ಪೂರ್ವಸಿದ್ಧತೆ ದೊಡ್ಡದು

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ರೈತರೊಬ್ಬರು ಈಚೆಗೆ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಮಗನಿಗೆ 38 ವರ್ಷ. ಬೆಂಗಳೂರಿನಲ್ಲಿ ಕುಳಿತು ಮಾಡುವ ಕೆಲಸ. ಗೆಳೆಯರ ಜೊತೆ ಮ್ಯಾರಥಾನ್ ಓಡುವ ಉತ್ಸಾಹ. ಅಭ್ಯಾಸ ಆರಂಭಿಸಿ ಮೂರೇ ವಾರವಾಗಿತ್ತು. ಅವನಿಗೆ ಬೇಕಾಗಿದ್ದುದು ಆರೋಗ್ಯದ ಸರ್ಟಿಫಿಕೇಟ್. ತಂದೆಯ ಚಿಂತೆಯೇ ಬೇರೆ. “ದುಡ್ಡು ಕೊಟ್ಟು ಓಡ್ತಾರಂತೆ ಡಾಕ್ಟ್ರೇ! ಅದು ಹಾಳಾಗ್ಲಿ, ಇವನ ಚಿಕ್ಕಪ್ಪ ನಲವತ್ತೆರಡಕ್ಕೇ ಎದೆನೋವು ಅಂತ ಹೋಗ್ಬಿಟ್ಟ. ಒಂದ್ಸಲ ಚೆನ್ನಾಗಿ ನೋಡ್ಬಿಡಿ” ಎಂದರು. ಚಿಕ್ಕಪ್ಪನ ವಿಷಯವನ್ನು ಮಗ ಹೇಳಿಯೇ ಇರಲಿಲ್ಲ.

ಮ್ಯಾರಥಾನ್ ಎಂದರೆ 42.195 ಕಿ.ಮೀ. ಮೈಸೂರಿನಿಂದ ನಂಜನಗೂಡಿಗೆ ಓಡಿಹೋಗಿ, ಹೆಚ್ಚುಕಡಿಮೆ ಮತ್ತೆ ಮೈಸೂರಿನವರೆಗೆ ಓಡಿಬಂದಷ್ಟು ದೂರ! 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸುಮಾರು 40 ಕಿ.ಮೀ. ಇದ್ದ ಈ ಓಟಕ್ಕೆ ಈಗಿನ ಅಳತೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ.

ಫಲಿತಾಂಶ ನೋಡಿದರೆ ಯಾರಿಗಾದರೂ ಹುರುಪು ಬರುತ್ತದೆ. 2023ರ ಜನವರಿಯ ಮುಂಬಯಿ ಮ್ಯಾರಥಾನನ್ನು ಇಥಿಯೋಪಿಯಾದ ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡುಗಳಲ್ಲಿ ಮುಗಿಸಿ ಕೂಟದಾಖಲೆ ಬರೆದರು. ಭಾರತೀಯರಲ್ಲಿ ಮೊದಲಿಗರಾದ ಟಿ. ಗೋಪಿ ತೆಗೆದುಕೊಂಡ ಕಾಲ 2 ಗಂಟೆ 16 ನಿಮಿಷ 41 ಸೆಕೆಂಡು. 1978ರಲ್ಲಿ ಜಲಂಧರ್‌ನಲ್ಲಿ ಶಿವನಾಥ್ ಸಿಂಗ್ 2 ಗಂಟೆ 12 ನಿಮಿಷದಲ್ಲಿ ಓಡಿ ಬರೆದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕ ಕಳೆದರೂ ಯಾರೂ ಮುರಿದಿರಲಿಲ್ಲ. ಆದರೆ ಈ ಅಂಕಿಗಳ ಹಿಂದೆ ಇರುವ ವರ್ಷಗಳ ತಪಸ್ಸು ಪತ್ರಿಕೆಯ ಫಲಿತಾಂಶದ ಪಟ್ಟಿಯಲ್ಲಿ ಕಾಣುವುದಿಲ್ಲ. ನಮ್ಮ ಯುವಕರು ಎಡವುವುದು ಇಲ್ಲಿಯೇ.

ಹಾಗೆಂದು ಓಟವೇ ಅಪಾಯ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ 2010ರಿಂದ 2023ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಮುಗಿಸಿದವರ ಸಂಖ್ಯೆ 2 ಕೋಟಿ 90 ಲಕ್ಷಕ್ಕೂ ಹೆಚ್ಚು. ಈ ಓಟಗಳಲ್ಲಿ ಹೃದಯಸ್ತಂಭನವಾದವರು 176 ಮಂದಿ. ಹಿಂದಿನ ದಶಕಕ್ಕೆ ಹೋಲಿಸಿದರೆ ಹೃದಯಸ್ತಂಭನದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿದೆ. ಬಿದ್ದವರಿಗೆ ಅಲ್ಲಿದ್ದವರೇ ತಕ್ಷಣ ಎದೆ ಒತ್ತಿ, ವಿದ್ಯುತ್ ಆಘಾತ ನೀಡುವ ಉಪಕರಣ ಬಳಸಿದ್ದೇ ಇದಕ್ಕೆ ಮುಖ್ಯ ಕಾರಣ. ಆದುದರಿಂದ ಓಟದ ಸಂಘಟಕರನ್ನು ಬಹುಮಾನದ ಮೊತ್ತದಿಂದಲ್ಲ, ದಾರಿಯುದ್ದಕ್ಕೂ ಇರುವ ವೈದ್ಯಕೀಯ ವ್ಯವಸ್ಥೆಯಿಂದ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಓಡುವವರು ಗಮನಿಸಬೇಕಾದ ಅಂಶಗಳು ಕೆಲವಿವೆ. ರಕ್ತಸಂಬಂಧಿಗಳಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರೆ, ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ವೈದ್ಯರಿಂದ ಮುಚ್ಚಿಡಬಾರದು. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಮೊದಲು ನಡಿಗೆ, ಆಮೇಲೆ ಓಟ, 5 ಕಿ.ಮೀ., 10 ಕಿ.ಮೀ. ರೂಢಿಯಾದ ಮೇಲೆ ಮುಂದಿನ ಮಾತು. ಹೊಸಬರಿಗೆ ಪೂರ್ಣ ಮ್ಯಾರಥಾನಿನ ಸಿದ್ಧತೆ ವಾರಗಳದ್ದಲ್ಲ, ತಿಂಗಳುಗಳದ್ದು. ಜ್ವರ, ಭೇದಿ ಇದ್ದ ದಿನ ಓಡಲೇಬಾರದು.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ಕಡಿಮೆ ಕುಡಿದರೆ ನಿರ್ಜಲೀಕರಣ; ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಜ್ಞೆ ತಪ್ಪಬಹುದು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೊಳಪಟ್ಟ 488 ಓಟಗಾರರಲ್ಲಿ ಶೇ. 13 ಮಂದಿಗೆ ಹೀಗೆ ಸೋಡಿಯಂ ಇಳಿದಿತ್ತು. ಬಾಯಾರಿಕೆಗೆ ತಕ್ಕಷ್ಟು ಕುಡಿಯುವುದೇ ಸರಿಯಾದ ಅಳತೆ.

ಓಡದೆ ಮನೆಯಲ್ಲಿರುವವರೂ ಕಲಿಯಬೇಕಾದ ವಿದ್ಯೆಯೊಂದಿದೆ. ಕುಸಿದುಬಿದ್ದ ದೊಡ್ಡವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ಎರಡೂ ಅಂಗೈಗಳಿಂದ ಸುಮಾರು 5 ಸೆಂ.ಮೀ. ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ, ನೆರವು ಬರುವವರೆಗೆ ಒತ್ತುತ್ತಿರಬೇಕು. ಹೃದಯಸ್ತಂಭನ ಓಟದ ದಾರಿಯಲ್ಲಿ ಮಾತ್ರವಲ್ಲ, ಜಾತ್ರೆಯಲ್ಲೂ ಗದ್ದೆಯಲ್ಲೂ ಆಗುತ್ತದೆ. ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಇದು ಬರುವಂತಾದರೆ ಅದು ಯಾವ ಪದಕಕ್ಕೂ ಕಡಿಮೆಯಲ್ಲ.

ಹದಿನಾರಿನ ಯುವಕನ ರಕ್ತದೊತ್ತಡ 150/100 ಇತ್ತು. ಅಂದು ಸರ್ಟಿಫಿಕೇಟ್ ಕೊಡಲಿಲ್ಲ. ಹೃದಯದ ಪರೀಕ್ಷೆಗಳಿಗೆ ಬರೆದುಕೊಟ್ಟೆ. ಮುಖ ಸಿಂಡರಿಸಿಕೊಂಡೇ ಹೋದ. ಅದೃಷ್ಟಕ್ಕೆ ಹೃದಯದಲ್ಲಿ ದೋಷವೇನೂ ಕಾಣಲಿಲ್ಲ. ಈಗ ಔಷಧಿ, ಉಪ್ಪಿನ ಮಿತಿ, ದಿನವೂ ಬೆಳಗಿನ ನಡಿಗೆ ನಡೆದಿದೆ. ಊರಿಗೆ ಬಂದಾಗ ತಂದೆಯೂ ಜೊತೆಗೆ ಹೆಜ್ಜೆ ಹಾಕುತ್ತಾರಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾಲು ಚಾಚಬೇಡ ಎನ್ನಲಿಲ್ಲ. ಹಾಸಿಗೆ ನೋಡಿಕೋ ಎಂದರು, ಅಷ್ಟೆ.