ಉಳುವ ಎತ್ತು, ಓಡುವ ಎತ್ತು

ಎತ್ತು ಕೊಳ್ಳಲು ಸಂತೆಗೆ ಹೋದ ರೈತನು ಮೊದಲು ಕೋಡನ್ನು ನೋಡುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಕಾಲೆತ್ತಿ ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೋಡು, ಕೋಡಣಸು, ಗಂಟೆಸರ, ಇವೆಲ್ಲ ಆಮೇಲಿನ ಮಾತು. ಆದರೆ ಮೋಟಾರು ಕೊಳ್ಳಹೊರಟ ನಮ್ಮಂಥ ತರುಣರು ಮೊದಲು ನೋಡುವುದೇ ಕೋಡನ್ನು! ಗಾಜಿಗೆ ಕಪ್ಪು ಬಣ್ಣ ಉಂಟೋ, ಚಕ್ರ ಹೊಳೆಯುತ್ತದೆಯೋ, ಹಾಡಿನ ಪೆಟ್ಟಿಗೆ ಎದೆ ನಡುಗುವಂತೆ ಬಾರಿಸುತ್ತದೆಯೋ, ಇಷ್ಟರಲ್ಲೇ ನಮ್ಮ ಪರೀಕ್ಷೆ ಮುಗಿಯುತ್ತದೆ. ಈ ಮಾತನ್ನು ನಾನು ಬೇರೆಯವರನ್ನು ಹಳಿಯಲು ಬರೆಯುತ್ತಿಲ್ಲ. ಈ ವರ್ಷ ನಮ್ಮ ಮನೆಗೆ ಒಂದು ಕಾರು ಬರಬೇಕಾಗಿದೆ. ಅದರ ಆಯ್ಕೆಯ ವಿಷಯದಲ್ಲಿ ನನಗೂ ನಮ್ಮ ತಂದೆಯವರಿಗೂ ಆರು ತಿಂಗಳು ನಡೆದ ವಾದವೇ ಈ ಲೇಖನಕ್ಕೆ ಮೂಲ.

ನಮ್ಮ ಊರು ರೋಣಕ್ಕೂ ಗಜೇಂದ್ರಗಡಕ್ಕೂ ನಡುವೆ ಇದೆ. ಅವ್ವನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಗದಗಿಗೆ ಕರೆದೊಯ್ಯಬೇಕು. ಹೋಗಿ ಬರಲು ಸುಮಾರು 90 ಕಿಲೊಮೀಟರು. ಬಸ್ಸಿನಲ್ಲಿ ಹೋಗುವುದು ಈಗ ಅವಳಿಂದಾಗದು. ಬಾಡಿಗೆ ಕಾರು ನಮ್ಮಿಂದಾಗದು. ಹೆಸರು, ಕಡಲೆ ಮಾರಿದ ಹಣ ಮತ್ತು ಒಂದು ಜೋಡೆತ್ತಿನ ಬೆಲೆ ಸೇರಿ ನಾಲ್ಕು ಲಕ್ಷ ರೂಪಾಯಿ ಆಗಿದೆ. ಇದರಲ್ಲಿ ಕಾರು ಬರಬೇಕು. ಅದು ಸೋಮವಾರ, ಗುರುವಾರ ಅವ್ವನನ್ನು ಒಯ್ಯಬೇಕು. ಸಂತೆಯ ದಿನ ಚೀಲ ಹೊರಬೇಕು. ವರ್ಷಕ್ಕೆ ಒಂದೆರಡು ಆದಿತ್ಯವಾರ ನನ್ನನ್ನು ಆಟೊಕ್ರಾಸ್ ಎಂಬ ಆಟಕ್ಕೂ ಕರೆದೊಯ್ಯಬೇಕು. ಈ ಕೊನೆಯ ಬೇಡಿಕೆಯೇ ಮನೆಯಲ್ಲಿ ಗದ್ದಲಕ್ಕೆ ಕಾರಣವಾಯಿತು.

ಆಟೊಕ್ರಾಸ್ ಎಂದರೇನೆಂದು ಕೇಳುವ ಮಿತ್ರರಿಗೆ ನಾನು ಕೊಡುವ ಉತ್ತರ ಇಷ್ಟೆ: ಅದು ಮೋಟಾರಿನ ಖಾಲಿ ಗಾಡಾ ಓಟ. ನಮ್ಮ ಕಡೆಯ ಖಾಲಿ ಗಾಡಾ ಸ್ಪರ್ಧೆಯಲ್ಲಿ ಒಂದು ಜೋಡಿಯನ್ನು ಬಿಟ್ಟು, ಅದು ಒಂದು ನಿಮಿಷದಲ್ಲಿ ಎಷ್ಟು ದೂರ ಓಡಿತೆಂದು ಅಳೆಯುತ್ತಾರಲ್ಲವೆ? ಇಲ್ಲಿ ದೂರ ಗೊತ್ತು ಮಾಡಿ ಹೊತ್ತನ್ನು ಅಳೆಯುತ್ತಾರೆ. ಮಣ್ಣಿನ ಬಯಲಿನಲ್ಲಿ ಗುರುತು ನೆಟ್ಟು ತಿರುವುಮುರುವಾದ ದಾರಿ ಮಾಡುತ್ತಾರೆ. ಒಂದು ಹೊತ್ತಿಗೆ ಒಂದೇ ಕಾರು, ಎದುರಾಳಿ ಬರೀ ಗಡಿಯಾರ. ಗುರುತಿಗೆ ತಾಗಿದರೆ ಸೆಕೆಂಡುಗಳ ದಂಡ. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ವರ್ಗಗಳಿರುವುದರಿಂದ ಬಡವನ ಸಣ್ಣ ಕಾರು ಸಾಹುಕಾರನ ದೊಡ್ಡ ಕಾರಿನೊಡನೆ ಸೆಣಸಬೇಕಾದ್ದಿಲ್ಲ. ಅಮೆರಿಕದಲ್ಲಿ ಇದನ್ನು ಡಾಂಬರಿನ ಬಯಲಲ್ಲಿ ಆಡುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ. ಬೆಂಗಳೂರು, ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಇದು ನಡೆಯುತ್ತ ಬಂದಿದೆ. ಕೊಡಗಿನಲ್ಲಂತೂ ಕೊಯ್ಲಾದ ಗದ್ದೆಯೇ ಅಂಗಳ.

‘ಇದು ಉಳ್ಳವರ ಮಕ್ಕಳ ಚಟ’ ಎಂಬುದು ನಮ್ಮ ಸೋದರಮಾವನ ಅಂಬೋಣ. ನಾನಿದನ್ನು ಒಪ್ಪೆನು. ರೋಣದವರೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ ಪಂಡಿತ ಭೀಮಸೇನ ಜೋಶಿಯವರಿಗೆ ಸಂಗೀತದ ಆಚೆ ಇದ್ದ ದೊಡ್ಡ ಹುಚ್ಚೆಂದರೆ ಕಾರಿನದು. ಅದರ ಯಂತ್ರದ ಒಳಗುಟ್ಟನ್ನೂ ಅವರು ಬಲ್ಲವರಾಗಿದ್ದರು. ರ್‍ಯಾಲಿಯಲ್ಲಿ ಚಾಲಕನ ಪಕ್ಕ ಕುಳಿತು ದಾರಿ ಹೇಳುವ ಕೆಲಸದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಹಲವು ಬಾರಿ ಗೆದ್ದ ಮೂಸಾ ಶರೀಫರು ನಮ್ಮ ಗಡಿಯಾಚೆಯ ಕಾಸರಗೋಡಿನವರು, ಮಹಾನಗರದವರಲ್ಲ. ಇನ್ನೊಂದು ಮಾತು. ಓಡಿಸುವ ಹುಮ್ಮಸ್ಸು ತರುಣರಿಗೆ ಬಯಲು ಸಿಕ್ಕಿದರೂ ಬರುತ್ತದೆ, ಸಿಗದಿದ್ದರೂ ಬರುತ್ತದೆ. ಸಿಗದಿದ್ದರೆ ಅದು ನರಗುಂದದ ಹೆದ್ದಾರಿಯಲ್ಲಿ, ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ ತೋರಿಕೊಳ್ಳುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಅಪರಾಧ. ಆದರೆ ಅಪರಾಧವೆಂಬ ಕಾರಣಕ್ಕೆ ಮಾತ್ರ ನಾನು ಅದನ್ನು ಬೇಡವೆನ್ನುತ್ತಿಲ್ಲ. ಅದೇ ರಸ್ತೆಯಲ್ಲಿ ನಮ್ಮ ಅವ್ವನೂ ಹೋಗುತ್ತಾಳೆ.

ಇರಲಿ, ಕಾರಿಗೆ ಬರೋಣ. ಹೋದ ವರ್ಷ ಚಿಕ್ಕಮಗಳೂರಿನ ಕಡೆ ಒಂದು ಆಟೊಕ್ರಾಸ್ ನೋಡಲು ಗೆಳೆಯನೊಡನೆ ಹೋಗಿದ್ದೆ. ಅಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಹಳೆಯ ಮಾರುತಿ 800. ಬಾಗಿಲಿನ ಬಣ್ಣ ಒಂದು, ಮೈಯ ಬಣ್ಣ ಇನ್ನೊಂದು. ಅದಕ್ಕೂ ಮೊದಲು ಓಡಿದ ದೊಡ್ಡ ಕಾರೊಂದು ನೇರ ದಾರಿಯಲ್ಲಿ ಗುಡುಗಿ, ಪ್ರತಿ ತಿರುವಿನಲ್ಲೂ ಎಮ್ಮೆಯಂತೆ ಹೊರಳಿತ್ತು. ಈ ಮುದುಕ ಗುಡುಗಲಿಲ್ಲ, ಹೊರಳಲೂ ಇಲ್ಲ. ಹೊತ್ತು ಓದಿ ಹೇಳಿದಾಗ ಮುದುಕನದೇ ಕಡಿಮೆ! ಇದರಲ್ಲಿ ಮಾಯವೇನೂ ಇಲ್ಲ. ಇಂಥ ಅಂಗಳದಲ್ಲಿ ವೇಗ ಏರುವ ಮೊದಲೇ ತಿರುವು ಬರುತ್ತದೆ. ಬಹುಪಾಲು ಓಟ ಎರಡನೆಯ ಗೇರಿನಲ್ಲೇ ಮುಗಿಯುತ್ತದೆ. ತೂಕ ಹೆಚ್ಚಿದ್ದಷ್ಟೂ ಎಬ್ಬಿಸಲು, ನಿಲ್ಲಿಸಲು, ತಿರುಗಿಸಲು ಕಷ್ಟ. 796 ಸಿ.ಸಿ. ಎಂಜಿನ್ನಿನ ಆ ಕಾರಿನ ಬಲ 37 ಅಶ್ವಶಕ್ತಿಯಷ್ಟು. ತೂಕ 650 ಕಿಲೊ ಸುಮಾರು. ಕಡಿಮೆ ಬಲವೇ, ಆದರೆ ಹೊರುವ ಭಾರವೂ ಕಡಿಮೆ.

ಊರಿಗೆ ಬಂದವನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಾರಿನ ಬಲವನ್ನು ಅದರ ತೂಕಕ್ಕೆ ಹಂಚಿದರೆ ಒಂದು ಟನ್ನಿಗೆ ಎಷ್ಟು ಅಶ್ವಶಕ್ತಿ ಎಂಬುದು ಸಿಗುತ್ತದೆ. 2022ರಲ್ಲಿ ಮತ್ತೆ ಬಂದ ಆಲ್ಟೊ ಕೆ10 ಕಾರಿಗೆ ಸುಮಾರು 67 ಅಶ್ವಶಕ್ತಿ, 750 ಕಿಲೊ ತೂಕ. 2024ರ ಸ್ವಿಫ್ಟಿಗೆ ಸುಮಾರು 82 ಅಶ್ವಶಕ್ತಿ, 920 ಕಿಲೊ. ಟಾಟಾ ಟಿಯಾಗೊ ಪೆಟ್ರೋಲಿಗೆ ಸುಮಾರು 86 ಅಶ್ವಶಕ್ತಿ, 950 ಕಿಲೊ. ಭಾಗಿಸಿ ನೋಡಿರಿ: ಮೂರೂ ಟನ್ನಿಗೆ 90ರ ಆಸುಪಾಸಿಗೆ ಬಂದು ನಿಲ್ಲುತ್ತವೆ! ಅಂಗಡಿಯಲ್ಲಿ ‘ಇದರ ಪಿಕಪ್ಪೇ ಬೇರೆ ಸರ್’ ಎಂದು ಹೇಳುವವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಆಗ ತಿಳಿಯಿತು. ಬಲ ಸಮವಾದ ಮೇಲೆ ಹಗುರಾದದ್ದೇ ಮೇಲು, ಏಕೆಂದರೆ ಅದರ ಟಯರು ಚಿಕ್ಕದು, ಬೆಲೆ ಕಡಿಮೆ, ಬ್ರೇಕಿನ ಸವೆತ ಕಡಿಮೆ, ಕುಡಿಯುವುದೂ ಕಡಿಮೆ.

ಕುಡಿಯುವ ವಿಷಯದಲ್ಲಿ ನಮ್ಮ ಹುಡುಗರಿಗೆ ಒಂದು ಭ್ರಮೆ ಉಂಟು. ಓಟದ ದಿನ ಪೆಟ್ರೋಲು ಹೊಳೆಯಂತೆ ಹರಿಯುತ್ತದೆಂದು ತಿಳಿಯುತ್ತಾರೆ. ನಾಲ್ಕಾರು ಸುತ್ತು ಓಡಿದರೂ ಅದು ಹತ್ತು ಕಿಲೊಮೀಟರು ಮೀರಲಾರದು. ಆದರೆ ರೋಣದಿಂದ ಬೆಂಗಳೂರಿಗೋ ಮಂಗಳೂರಿಗೋ ಸುಮಾರು 400 ಕಿಲೊಮೀಟರು. ಹೋಗಿ ಬಂದರೆ 800! ಎಣ್ಣೆ ಸುಡುವುದು ಓಟದಲ್ಲಲ್ಲ, ಓಟದ ದಾರಿಯಲ್ಲಿ. ಇನ್ನು ದಿನದ ಬಳಕೆ. ನಮ್ಮ ಮನೆಯ ಓಡಾಟ ತಿಂಗಳಿಗೆ ಸಾವಿರ ಕಿಲೊಮೀಟರು. ಲೀಟರಿಗೆ 20 ಕೊಡುವ ಕಾರಿಗೆ 50 ಲೀಟರು ಸಾಕು. 12 ಕೊಡುವ ಕಾರಿಗೆ 83 ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ ನಲವತ್ತು ಸಾವಿರದ ಅಂತರ. ನಮ್ಮ ಚಿಕ್ಕಪ್ಪನ ಮಗ ಇದನ್ನು ಅನುಭವಿಸಿಯೇ ಕಲಿತ. ಸಾಲ ಮಾಡಿ ದೊಡ್ಡ ಎತ್ತರದ ಹಳೆಯ ಗಾಡಿಯೊಂದನ್ನು ತಂದ. ಬೀದಿಯಲ್ಲಿ ನಿಂತಾಗ ದೇವರ ತೇರಿನಂತೆ ಕಾಣುತ್ತಿತ್ತು. ಎರಡು ಹಂಗಾಮು ಕಳೆಯುವಷ್ಟರಲ್ಲಿ ಅದು ನಿಜವಾಗಿ ತೇರೇ ಆಯಿತು: ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ, ಹತ್ತು ಜನ ಎಳೆಯಬೇಕು.

ಹಾಗಾದರೆ ಆ ಹಳೆಯ 800ನ್ನೇ ಕೊಳ್ಳಬಾರದೇಕೆ ಎಂದು ಕೇಳಬಹುದು. ನಾನೂ ಹಟ ಹಿಡಿದದ್ದು ಅದಕ್ಕೇ. ಕಡಿಮೆ ಬೆಲೆಗೆ ಸಿಗುತ್ತದೆ, ಯಾವ ಊರಿನ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲ. ಆದರೆ 1983ರ ಡಿಸೆಂಬರಿನಲ್ಲಿ ಬಂದ ಆ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಹೊಸದು ಮಾಡಿಸಲು 2022ರ ಏಪ್ರಿಲಿನಿಂದ ಶುಲ್ಕವೇ 5,000 ರೂಪಾಯಿ, ಜೊತೆಗೆ ಯೋಗ್ಯತಾ ಪರೀಕ್ಷೆ. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲು ಬೆರೆತಿದೆ; ಹಳೆಯ ಕಾರುಗಳು ಅದಕ್ಕಾಗಿ ಕಟ್ಟಿದವಲ್ಲ, ಮೈಲೇಜು ತುಸು ಇಳಿಯುತ್ತದೆ, ಮುಪ್ಪಿನ ರಬ್ಬರು ಕೊಳವೆಗಳ ಮೇಲೆ ಕಣ್ಣಿಡಬೇಕು. (ನಮ್ಮದೇ ಗೋವಿನಜೋಳ ನಮ್ಮದೇ ಕಾರಿನ ಕೊಳವೆಯನ್ನು ತಿನ್ನುವ ಕಾಲ ಬಂತೆಂದು ಅಪ್ಪ ನಕ್ಕರು.) ಇವೆಲ್ಲ ಸಹಿಸಬಹುದಾದ ತೊಂದರೆಗಳು. ಸಹಿಸಲಾಗದ್ದನ್ನು ಅಪ್ಪ ಒಂದೇ ಪ್ರಶ್ನೆಯಲ್ಲಿ ಕೇಳಿದರು: “ಆದಿತ್ಯವಾರ ಓಡತೈತಿ ಖರೆ. ಸೋಮವಾರ ಅದರಾಗ ನಿಮ್ಮವ್ವನ್ನ ಎಲ್ಲಿ ಕುಂದ್ರಸ್ತಿ?”

ನನಗೆ ಉತ್ತರ ಹೊಳೆಯಲಿಲ್ಲ. ಆ ಕಾರಿನಲ್ಲಿ ಗಾಳಿಚೀಲವಿಲ್ಲ. ಚಕ್ರ ಬಿಗಿಹಿಡಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಇಲ್ಲ. ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಆಟೊಕ್ರಾಸ್ ಅಂಗಳದಲ್ಲಿ ತಲೆಗೆ ಶಿರಸ್ತ್ರಾಣ ಉಂಟು, ಎದುರಿಗೆ ಬರುವವರು ಯಾರೂ ಇಲ್ಲ, ಆಂಬುಲೆನ್ಸು ಪಕ್ಕದಲ್ಲೇ ನಿಂತಿರುತ್ತದೆ. ಗದಗಿನ ರಸ್ತೆಯಲ್ಲಿ ಸಂಜೆಯ ಹೊತ್ತು ದೀಪವಿಲ್ಲದ ಟ್ರ್ಯಾಕ್ಟರು, ರಾಶಿ ಹಾಕಿದ ಜೋಳ, ಮಲಗಿದ ದನ, ಕಣ್ಣು ಕುಕ್ಕುವ ಲಾರಿ. ಅಪಾಯದ ಓಟ ಯಾವುದು, ನೀವೇ ಹೇಳಿರಿ.

ಆಗ ನಾನು ಆಲ್ಟೊ ಕೆ10ಕ್ಕೆ ಜಾರಿದೆ. ಕಂಪನಿಯ ಲೆಕ್ಕದಲ್ಲಿ ಲೀಟರಿಗೆ 24.39 ಕಿಲೊಮೀಟರು, ಎ.ಬಿ.ಎಸ್. ಉಂಟು, ಗಾಳಿಚೀಲ ಉಂಟು. ಸಣ್ಣ ಕಾರುಗಳ ಮೇಲೆ ಶೇಕಡಾ 28 ಮತ್ತು ಮೇಲೆ ಸೆಸ್ಸು ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದ ಮೇಲೆ ಹೊಸದೇ ಕೈಗೆಟುಕುವಂತಾಯಿತು. ಹಗುರತನದ ನನ್ನ ವಾದಕ್ಕೂ ಇದೇ ಸರಿ. ಆದರೆ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಇದನ್ನು ಗೋಡೆಗೆ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಐದರಲ್ಲಿ ಎರಡು ನಕ್ಷತ್ರ ಸಿಕ್ಕವು, ಮಕ್ಕಳ ರಕ್ಷಣೆಗೆ ಒಂದೂ ಸಿಗಲಿಲ್ಲ. ಟಿಯಾಗೊಗೆ 2020ರಲ್ಲಿ ಅದೇ ಸಂಸ್ಥೆ ದೊಡ್ಡವರಿಗೆ ನಾಲ್ಕು, ಮಕ್ಕಳಿಗೆ ಮೂರು ಕೊಟ್ಟಿತ್ತು. ಇದು ಇನ್ನೂರು ಕಿಲೊ ಭಾರ. ತಿರುವಿನಲ್ಲಿ ನನಗೆ ಒಂದೆರಡು ಸೆಕೆಂಡು ನಷ್ಟ. ರಸ್ತೆಯಲ್ಲಿ ಲೀಟರಿಗೆ 20ರ ಬದಲು 16 ಕೊಟ್ಟರೆ ತಿಂಗಳಿಗೆ ಹನ್ನೆರಡೂವರೆ ಲೀಟರು ಹೆಚ್ಚು, ಅಂದರೆ ಸಾವಿರದ ಇನ್ನೂರು ಮುನ್ನೂರು ರೂಪಾಯಿ. ಮೈಲೇಜನ್ನೇ ಜಪಿಸುತ್ತಿದ್ದ ನಾನು ಈ ಹಣವನ್ನು ಯಾವ ಕಡೆಯಿಂದ ನೋಡಬೇಕೆಂದು ಎರಡು ದಿನ ಯೋಚಿಸಿದೆ. ಅದು ಪೆಟ್ರೋಲಿನ ಖರ್ಚಲ್ಲ, ಅವ್ವನ ಪಕ್ಕದ ತಗಡು ದಪ್ಪವಾಗಲು ಕೊಡುವ ಕಂತು ಎಂದು ತಿಳಿದ ಮೇಲೆ ವಾದ ನಿಂತಿತು. ಎರಡನೆಯ ಕೈಯ, 2020ರ ಈಚಿನ ಟಿಯಾಗೊ ಎಂದು ಗೊತ್ತಾಗಿದೆ.

ಓಟದ ಆಸೆಯುಳ್ಳ ಗೆಳೆಯರಿಗೆ ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ವಿಮಾ ಪಾಲಿಸಿಗಳನ್ನು ಯಾರೂ ಓದುವುದಿಲ್ಲ. ಓದಿದರೆ, ಸಂಘಟಿತ ಓಟಕ್ಕೂ ವೇಗಪರೀಕ್ಷೆಗೂ ಬಳಸಿದಾಗ ರಕ್ಷಣೆಯಿಲ್ಲ ಎಂಬ ಸಾಲು ಸಿಗುತ್ತದೆ. ಬಯಲಿನಲ್ಲಿ ಮುರಿದದ್ದೆಲ್ಲ ನಮ್ಮ ಕಿಸೆಯಿಂದಲೇ. ಆದ್ದರಿಂದ ಸೋಮವಾರದ ಕಾರನ್ನು ಆದಿತ್ಯವಾರ ಓಡಿಸುವವನು ಗೆಲ್ಲಲು ಓಡಿಸಬಾರದು, ಕಲಿಯಲು ಓಡಿಸಬೇಕು. ಸಾಹುಕಾರರು ಓಟದ ಎತ್ತನ್ನು ಬೇರೆ ಕಟ್ಟಿ, ಮೊಟ್ಟೆ ಹಾಲು ಕುಡಿಸಿ, ನೊಗ ಮುಟ್ಟಿಸದೆ ಸಾಕುತ್ತಾರೆ. ನಮಗಿರುವುದು ಒಂದೇ ಜೋಡಿ. ಹಣ ಉಳಿದರೆ ಒಳ್ಳೆಯ ಟಯರಿಗೂ ಬ್ರೇಕಿಗೂ ಹಾಕಿರಿ. ಸೈಲೆನ್ಸರು ಕತ್ತರಿಸುವ ಕೆಲಸಕ್ಕೆ ಬೇಡ. ಸದ್ದಿನಿಂದ ಸೆಕೆಂಡು ಇಳಿದದ್ದನ್ನು ನಾನು ಕಂಡಿಲ್ಲ.

ನನಗೊಂದು ಆಸೆ ಉಂಟು. ಇಂಥ ಆಟಕ್ಕೆ ನಾವೇಕೆ 400 ಕಿಲೊಮೀಟರು ಹೋಗಬೇಕು? ನರಗುಂದದ ಎರೆ ಹೊಲ ಇದಕ್ಕೆ ಒಗ್ಗದು. ಬೇಸಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿದ ಮಣ್ಣು ಬಿಡಿಸಲು ಕುಡುಗೋಲೇ ಬೇಕು. ಆದರೆ ಗಜೇಂದ್ರಗಡದ ಕಡೆಯ ಮಸಾರಿ ಬಯಲು ಗರಸಿನಿಂದ ಕೂಡಿ ಗಟ್ಟಿಯಾಗಿದೆ. ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ನಿಯಮಕ್ಕೆ ಒಳಪಟ್ಟು, ಆಂಬುಲೆನ್ಸು ಇಟ್ಟು, ಜನ ನಿಲ್ಲುವ ಜಾಗಕ್ಕೆ ಹಗ್ಗ ಕಟ್ಟಿ ವರ್ಷಕ್ಕೊಂದು ದಿನ ನಡೆಸಿದರೆ ಹೆದ್ದಾರಿಯ ಹುಡುಗರಲ್ಲಿ ಕೆಲವರಾದರೂ ಅಲ್ಲಿಗೆ ಬಂದಾರು. ಕಾರಹುಣ್ಣಿಮೆಯ ಕರಿ ಹರಿಯುವುದನ್ನು ನೋಡಲು ಬಿಸಿಲಲ್ಲಿ ನಿಲ್ಲುವ ನಮ್ಮ ಜನಕ್ಕೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರುವ ಆದಿತ್ಯವಾರ ಗದಗಿನಲ್ಲಿ ಒಂದು ಕಾರು ನೋಡುವುದಿದೆ. ಚೆಂದದ ಕೆಂಪು ಬಣ್ಣವೆಂದು ಫೋಟೊದಲ್ಲಿ ಕಾಣುತ್ತದೆ. ಅಪ್ಪ ತಾವೂ ಬರುತ್ತೇನೆಂದಿದ್ದಾರೆ. ಎಂಜಿನ್ನು ನನಗೆ ಬಿಟ್ಟಿದ್ದಾರಂತೆ. ಕೆಳಗೆ ಬಗ್ಗಿ ನಾಲ್ಕೂ ಟಯರು ನೋಡುವುದು ಅವರ ಪಾಲಿನ ಕೆಲಸ.