18,999 ರೂಪಾಯಿಯ ಕಂಪ್ಯೂಟರ್ ಶಹಾಪುರ ತಲುಪುವಾಗ ಎಷ್ಟಾಗುತ್ತದೆ?

ಕಳೆದ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಶಹಾಪುರದ ಸೈಬರ್ ಕೇಂದ್ರವೊಂದರಲ್ಲಿ ಕುಳಿತಿದ್ದೆ. ಇಂಟರ್ನ್‌ಶಿಪ್‌ಗಾಗಿ ಕಂಪನಿಯೊಂದು ನಡೆಸುತ್ತಿದ್ದ ತೊಂಬತ್ತು ನಿಮಿಷಗಳ ಕೋಡಿಂಗ್ ಪರೀಕ್ಷೆ ಅದು. ಕ್ಯಾಮೆರಾ ಕಡ್ಡಾಯ, ಮೊಬೈಲ್‌ನಲ್ಲಿ ಬರೆಯುವಂತಿಲ್ಲ. ಆ ಕೇಂದ್ರದ ಕಂಪ್ಯೂಟರಿಗೆ ಕ್ಯಾಮೆರಾ ಇರಲಿಲ್ಲ. ಎಲ್ಲಿಂದಲೋ ಒಂದನ್ನು ತಂದು ಜೋಡಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಎರಡನೇ ಪ್ರಶ್ನೆಯ ನಡುವೆ ಕರೆಂಟ್ ಹೋಯಿತು. ಮತ್ತೆ ಲಾಗಿನ್ ಆಗಲು ಬಿಡಲಿಲ್ಲ. ನಾನು ಬಿಇ ಮೂರನೇ ವರ್ಷದಲ್ಲಿ ಓದುತ್ತಿರುವುದು ಕಂಪ್ಯೂಟರ್ ಸೈನ್ಸ್. ಆ ದಿನದವರೆಗೂ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಶೇ 23.4ರಷ್ಟು ಮನೆಗಳಲ್ಲಿ ಕಂಪ್ಯೂಟರ್ ಇತ್ತು, ಹಳ್ಳಿಗಳಲ್ಲಿ ಶೇ 4.4ರಷ್ಟು ಮನೆಗಳಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆ ನಮ್ಮದು. ಇಲ್ಲಿಂದ ಎಂಜಿನಿಯರಿಂಗ್ ಓದಲು ಹೋದವರಲ್ಲಿ ಅನೇಕರು ಆ ಮನೆಯಿಂದ ಕಾಲೇಜು ಕಂಡ ಮೊದಲಿಗರು. ಬೆಂಗಳೂರಿನ ಹುಡುಗ ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವಾಗ, ನಾವು ಲ್ಯಾಬ್ ಬಾಗಿಲು ಮುಚ್ಚುವ ಮುನ್ನ ಬಸ್ ಹಿಡಿಯಬೇಕು. ಆದರೆ ಇಬ್ಬರೂ ಬರೆಯುವುದು ಒಂದೇ ಪರೀಕ್ಷೆ.

ಹೀಗಾಗಿ 2025ರ ನವೆಂಬರ್‌ನಲ್ಲಿ ಕಿಯೋನಿಕ್ಸ್ ಸಂಸ್ಥೆ 'ಕಿಯೊ' ಎಂಬ ಪುಟ್ಟ ಕಂಪ್ಯೂಟರ್ ತರುತ್ತಿರುವ ಸುದ್ದಿ ಬಂದಾಗ ನಮ್ಮ ತರಗತಿಯಲ್ಲಿ ಎಲ್ಲರೂ ಅದನ್ನೇ ಓದಿದೆವು. ಬೆಂಗಳೂರು ಟೆಕ್ ಸಮ್ಮಿಟ್ ಹೊತ್ತಿಗೆ ಐಟಿ–ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಇದನ್ನು ಪರಿಚಯಿಸಿದರು. ಬೆಲೆ 18,999 ರೂಪಾಯಿ. ಒಳಗಿರುವುದು ಯಾರ ಪರವಾನಗಿಯೂ ಬೇಡದ ಮುಕ್ತ ವಿನ್ಯಾಸದ 'ರಿಸ್ಕ್–ಫೈವ್' ಪ್ರೊಸೆಸರ್; ನಡೆಸುವುದು ಲಿನಕ್ಸ್. ವೈಫೈ ಜೊತೆಗೆ 4ಜಿ ಸಂಪರ್ಕವೂ ಇದೆ. ಶಾಲಾ ಮಕ್ಕಳಿಗೆ ರಾಜ್ಯ ಪಠ್ಯಕ್ರಮದ ಪಾಠ ವಿವರಿಸುವ 'ಬುದ್ಧ್' ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕನೂ ಇದ್ದಾನೆ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಒಂದು ರಾಜ್ಯ ಸರ್ಕಾರ 'ಪ್ರತಿ ಮನೆಗೂ ಕಂಪ್ಯೂಟರ್ ಬೇಕು' ಎಂದು ಯೋಚಿಸಿದ್ದೇ ಒಳ್ಳೆಯದು.

ಸುದ್ದಿಯನ್ನು ಅಪ್ಪನಿಗೆ ಹೇಳಿದೆ. ಅವರು ಬೆಲೆ ಕೇಳಲಿಲ್ಲ. "ಮೂರು ವರ್ಷ ನಡೀತದೇನು? ಮೊದಲ ಅದು ಕೇಳು" ಅಂದರು. ಎತ್ತು ಕೊಳ್ಳುವಾಗಲೂ ಅವರು ಕೇಳುವುದು ಇದೇ ಪ್ರಶ್ನೆ. ಈ ಲೇಖನದಲ್ಲಿ ನಾನು ಹೇಳಬೇಕಿರುವುದೂ ಇಷ್ಟೇ: ಅಗ್ಗದ ಕಂಪ್ಯೂಟರ್ ಎಂದರೆ ಜಾಹೀರಾತಿನ ಮೊದಲ ಅಂಕಿಯಲ್ಲ, ಅದನ್ನು ನಮ್ಮೂರಿನಲ್ಲಿ ಮೂರು ವರ್ಷ ನಡೆಸಲು ಬೇಕಾಗುವ ಒಟ್ಟು ಖರ್ಚು.

ಲೆಕ್ಕ ಹಾಕಿ ನೋಡೋಣ. ಕಿಯೊ ಲ್ಯಾಪ್‌ಟಾಪ್ ಅಲ್ಲ, ಒಂದು ಡಬ್ಬಿ. ಅದಕ್ಕೆ ಪರದೆ ಬೇಕು. ಯಾದಗಿರಿಯ ಅಂಗಡಿಯಲ್ಲಿ ಹೊಸ ಮಾನಿಟರ್‌ಗೆ 6,500 ಹೇಳಿದರು. ಕೀಬೋರ್ಡ್, ಮೌಸ್ 700. ಪರೀಕ್ಷೆಗೆ ಬೇಕಾದ ಕ್ಯಾಮೆರಾ 1,000. ನಮ್ಮೂರಿನಲ್ಲಿ ಗಾಳಿ ಎದ್ದರೆ ಕರೆಂಟ್ ಹೋಗುತ್ತದೆ, ಆದ್ದರಿಂದ ಯುಪಿಎಸ್ 2,800. ಕೂಡಿಸಿದರೆ 29,999 ರೂಪಾಯಿ. ಮನೆಯಲ್ಲಿ ಟಿವಿ ಇದ್ದು ಅದನ್ನೇ ಪರದೆ ಮಾಡಿಕೊಂಡರೆ ಸ್ವಲ್ಪ ಉಳಿಯುತ್ತದೆ. ಆದರೆ ಧಾರಾವಾಹಿಯ ಹೊತ್ತಿನಲ್ಲಿ ಟಿವಿ ಬಿಟ್ಟುಕೊಡುವ ಮನೆ ಎಲ್ಲಿದೆ? ಇದನ್ನೇ ಹತ್ತಿಯ ಲೆಕ್ಕದಲ್ಲಿ ನೋಡಿ. 2025–26ನೇ ಸಾಲಿಗೆ ಮಧ್ಯಮ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,710 ರೂಪಾಯಿ. ಜಾಹೀರಾತಿನ ಬೆಲೆ ಎರಡೂವರೆ ಕ್ವಿಂಟಲ್, ಮನೆ ತಲುಪುವ ಬೆಲೆ ನಾಲ್ಕು ಕ್ವಿಂಟಲ್. ಮಳೆ, ಪ್ರವಾಹದಲ್ಲಿ ಹತ್ತಿ ಕಪ್ಪಾದ ವರ್ಷ ಈ ಒಂದೂವರೆ ಕ್ವಿಂಟಲ್ ವ್ಯತ್ಯಾಸ ಸಣ್ಣದಲ್ಲ.

ಅಗ್ಗದ ಕಂಪ್ಯೂಟರಿನ ಕನಸು ಕರ್ನಾಟಕಕ್ಕೆ ಹೊಸದೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ಎಂಜಿನಿಯರ್‌ಗಳ ಜೊತೆ ಸೇರಿ ಅಂಗೈಯಗಲದ 'ಸಿಂಪ್ಯೂಟರ್' ರೂಪಿಸಿದ್ದರು. ಅದೂ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಹಳ್ಳಿಯವರಿಗೂ ಎಟುಕಬೇಕೆಂಬ ಆಸೆಯಿಂದ ಹುಟ್ಟಿದ ಅದು 2004ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರದ ಹತ್ತಿರದಿಂದ ಆರಂಭವಾಗುತ್ತಿತ್ತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಬೆಲೆ ತೀರಾ ಕಡಿಮೆ, ಆದರೆ ಮೊದಲ ಮಾದರಿಯ ಮೆಮೊರಿ 256 ಎಂಬಿ ಮಾತ್ರ. ಬಳಸಿದವರು ನಿಧಾನವೆಂದು ಬೇಸತ್ತರು. 2021ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡಲು ಆರಂಭಿಸಿತು. ಪಾಠ ಕೇಳಲು ಅವು ನೆರವಾದವು. ಆದರೆ ಟ್ಯಾಬ್ಲೆಟ್‌ನ ಗಾಜಿನ ಮೇಲೆ ಇನ್ನೂರು ಸಾಲಿನ ಪ್ರೋಗ್ರಾಂ ಬರೆದು ನೋಡಿದವರಿಗೆ ಅದರ ಮಿತಿ ಗೊತ್ತು.

ಈ ಮೂರರಿಂದಲೂ ಕಲಿಯಬೇಕಾದ ಪಾಠವೊಂದಿದೆ. ಯಂತ್ರವನ್ನು ಅಗ್ಗವಾಗಿ ಮಾಡುವುದು ಅರ್ಧ ಕೆಲಸ. ಅದು ಯಾವ ಕೆಲಸಕ್ಕೆ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಯಾರು ಕಲಿಸುತ್ತಾರೆ ಎಂಬುದು ಉಳಿದರ್ಧ.

ಇದರ ನಡುವೆ ಮಾರುಕಟ್ಟೆಯೂ ನಮ್ಮ ಪರವಾಗಿಲ್ಲ. ಒಂದು ವರ್ಷದ ಹಿಂದೆ ಎರಡು ಸಾವಿರದ ಆಸುಪಾಸಿನಲ್ಲಿದ್ದ 8 ಜಿಬಿ ರ್‍ಯಾಮ್‌ಗೆ ಈಗ ಯಾದಗಿರಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಹೇಳುತ್ತಾರೆ. ಕಾರಣ ಎಲ್ಲೋ ದೂರದಲ್ಲಿದೆ. ಜಗತ್ತಿನ ಬಹುಪಾಲು ಮೆಮೊರಿ ಚಿಪ್‌ಗಳನ್ನು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು. ಕೃತಕ ಬುದ್ಧಿಮತ್ತೆಯ ಬೃಹತ್ ಡೇಟಾ ಕೇಂದ್ರಗಳು ಹೆಚ್ಚು ಬೆಲೆ ಕೊಟ್ಟು ಮೆಮೊರಿ ಕೊಳ್ಳುತ್ತಿರುವುದರಿಂದ ಕಾರ್ಖಾನೆಗಳು ಅತ್ತ ವಾಲಿವೆ. ಮೈಕ್ರಾನ್ ಅಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ 'ಕ್ರೂಶಿಯಲ್' ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಮೆರಿಕದ ಡೇಟಾ ಕೇಂದ್ರದ ಹಸಿವಿನ ಬೆಲೆಯನ್ನು ನಮ್ಮ ಪೇಟೆಯ ವಿದ್ಯಾರ್ಥಿಯೂ ತೆರುತ್ತಿದ್ದಾನೆ.

ತೆರಿಗೆಯ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗ ನೋಟ್‌ಬುಕ್, ಪೆನ್ಸಿಲ್‌ಗಳಿಗೆ ತೆರಿಗೆ ಪೂರ್ತಿ ಹೋಯಿತು. ಕಂಪ್ಯೂಟರ್ ಮೇಲಿನ ಶೇ 18 ಹಾಗೆಯೇ ಉಳಿಯಿತು. ತೆರಿಗೆ ಸೇರಿ 30,000 ಕೊಟ್ಟು ಕೊಂಡರೆ ಅದರಲ್ಲಿ ಸುಮಾರು 4,500 ರೂಪಾಯಿ ತೆರಿಗೆಯೇ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಂದು ಲ್ಯಾಪ್‌ಟಾಪೇ ನೋಟ್‌ಬುಕ್ ಅಲ್ಲವೇ?

ಹಾಗಾದರೆ ಕೈಯಲ್ಲಿ ಕಡಿಮೆ ದುಡ್ಡಿರುವವರು ಏನು ಮಾಡಬೇಕು? ಎರಡು ತಿಂಗಳು ಯಾದಗಿರಿ, ಶಹಾಪುರ, ಸುರಪುರ ಸುತ್ತಿ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಕೆಲಸ ಬರೆದುಕೊಳ್ಳಿ, ಆಮೇಲೆ ಯಂತ್ರ ಹುಡುಕಿ. ಕೆಪಿಎಸ್‌ಸಿ, ಬ್ಯಾಂಕಿಂಗ್ ತಯಾರಿ, ಅರ್ಜಿ ಸಲ್ಲಿಕೆ, ನುಡಿ ಟೈಪಿಂಗ್, ಪೈಥಾನ್ ಕಲಿಕೆ — ಇವಕ್ಕೆ ಸಾಧಾರಣ ಯಂತ್ರ ಸಾಕು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಆಟೊಕ್ಯಾಡ್‌ನಂತಹ ತಂತ್ರಾಂಶ ಬೇಕು. ಅದು ಇಂಟೆಲ್ ಅಥವಾ ಎಎಂಡಿ ಯಂತ್ರದ ವಿಂಡೋಸ್ ಕೇಳುತ್ತದೆ. ಆನ್‌ಲೈನ್ ಪರೀಕ್ಷೆಗಳ ಕೆಲವು ನಿಗಾ ತಂತ್ರಾಂಶಗಳೂ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಕಿಯೊ ಬಗ್ಗೆ ನನ್ನ ಮುಖ್ಯ ಅಳುಕು ಇದೇ. ರಿಸ್ಕ್–ಫೈವ್ ಮೇಲೆ ಸಿ, ಪೈಥಾನ್, ಲಿಬ್ರೆ ಆಫೀಸ್ ಚೆನ್ನಾಗಿಯೇ ನಡೆಯುತ್ತವೆ. ಹೈಸ್ಕೂಲು, ಪಿಯು ಮಕ್ಕಳಿಗೆ, ಮೊದಲ ಬಾರಿ ಕಲಿಯುವವರಿಗೆ ಅದು ಒಳ್ಳೆಯ ಯಂತ್ರವಾಗಬಹುದು. ಕ್ಯಾಂಪಸ್ ಸಂದರ್ಶನದ ಹೊಸ್ತಿಲಲ್ಲಿರುವವರು ಮಾತ್ರ ತಮಗೆ ಬೇಕಾದ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂದು ನೋಡಿಯೇ ಕೊಳ್ಳಬೇಕು.

ಎರಡನೆಯದು, ಹಳೆಯ ಯಂತ್ರಗಳನ್ನು ತಾತ್ಸಾರ ಮಾಡಬೇಡಿ. ದೊಡ್ಡ ಕಂಪನಿಗಳು ಮೂರು–ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪ್‌ಗಳನ್ನು ಮಾರುತ್ತವೆ. ಅವೇ ದುರಸ್ತಿಯಾಗಿ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆಗೆ, ಅಲ್ಲಿಂದ ನಮ್ಮ ಕಡೆಗೂ ಬರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಹೀಗಾಗಿ ಆರು, ಏಳನೇ ತಲೆಮಾರಿನ ಗಟ್ಟಿ ಯಂತ್ರಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಅವುಗಳಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಂಡರೆ ಇನ್ನೂ ಹಲವು ವರ್ಷ ನಡೆಯುತ್ತವೆ, ಅದೂ ಉಚಿತವಾಗಿ. ವಿಂಡೋಸ್ 10 ಇಟ್ಟುಕೊಳ್ಳಲೇಬೇಕಾದವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಸಿಗುತ್ತದೆ.

ಹಳೆಯದನ್ನು ಕೊಳ್ಳುವಾಗ ಇಷ್ಟನ್ನು ನೋಡಿ. 8 ಜಿಬಿ ರ್‍ಯಾಮ್ ಮೊದಲೇ ಇರಲಿ. ಆಮೇಲೆ ಹಾಕಿಸುತ್ತೇನೆ ಎಂದರೆ ಈಗಿನ ಬೆಲೆಯಲ್ಲಿ ಕೈಸುಡುತ್ತದೆ. ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ; ಹಳೆಯ ಯಂತ್ರಕ್ಕೆ ಜೀವ ಬರುವುದು ಅದರಿಂದಲೇ. ಚಾರ್ಜರ್ ತೆಗೆದು ಅರ್ಧ ಗಂಟೆ ಅಂಗಡಿಯಲ್ಲೇ ಕುಳಿತು ಬಳಸಿ. ಪ್ರತಿ ಕೀಲಿ ಒತ್ತಿ, ಕ್ಯಾಮೆರಾ ತೆರೆಯಿರಿ, ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಪೆನ್‌ಡ್ರೈವ್ ಹಾಕಿ. ಆನ್ ಮಾಡುವಾಗ ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಅಲ್ಲಿಯೇ ಬಿಟ್ಟು ಬನ್ನಿ. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿ. ಕದ್ದ ಮಾಲಲ್ಲ ಎಂಬುದಕ್ಕೆ ಅದೇ ನಿಮ್ಮ ಆಧಾರ.

ಮೂರನೆಯದು, ಇರುವ ದಾರಿಗಳನ್ನು ಕೇಳಿ ತಿಳಿದುಕೊಳ್ಳಿ. ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲದಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರ್ ಖರೀದಿಯನ್ನೂ ಸೇರಿಸಲು ಅವಕಾಶವಿದೆ. ಸಾಲದ ಅರ್ಜಿ ಹಾಕುವಾಗಲೇ ಕೇಳಬೇಕು. ನಾನು ಕೇಳಿರಲಿಲ್ಲ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟದ್ದುಂಟು. ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಕುಟುಂಬಗಳು ಅದೆಷ್ಟೋ. ಅಪ್ಪ, ಅಮ್ಮನ ಕಾರ್ಮಿಕ ಕಾರ್ಡು ನವೀಕರಣವಾಗಿದೆಯೇ ಎಂದು ಇಂದೇ ನೋಡಿ.

ಸರ್ಕಾರ ಮಾಡಬಹುದಾದದ್ದೂ ದುಬಾರಿಯೇನಲ್ಲ. ಕಿಯೊ ಆಗಲಿ ಬೇರೆ ಯಾವುದೇ ಯಂತ್ರವಾಗಲಿ, ಕೊಳ್ಳುವ ಮುನ್ನ ಮುಟ್ಟಿ ನೋಡಲು, ಕೆಟ್ಟಾಗ ಕೊಡಲು ತಾಲ್ಲೂಕಿಗೊಂದು ಜಾಗ ಬೇಕು. ಸುರಪುರದಲ್ಲಿ ನಾನು ಕೇಳಿದ ಮೂರು ಅಂಗಡಿಗಳಲ್ಲಿ ಎರಡು ಮೊಬೈಲ್ ಮಾತ್ರ ರಿಪೇರಿ ಮಾಡುತ್ತವೆ. ಮೂರನೆಯವರು ಲ್ಯಾಪ್‌ಟಾಪ್ ಬಂದರೆ ಕಲಬುರಗಿಗೆ ಕಳಿಸುತ್ತಾರೆ. ಹೊಸ ಚಿಪ್‌ನ ಕಿಯೊ ಕೆಟ್ಟರೆ ಅದು ಎಲ್ಲಿಗೆ ಹೋಗಬೇಕು? ಇನ್ನೊಂದು, ಕಚೇರಿಗಳಲ್ಲಿ ಬದಲಿಸಿದ ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಬದಲು ದುರಸ್ತಿ ಮಾಡಿಸಬಹುದು. 2022ರ ಇ–ತ್ಯಾಜ್ಯ ನಿಯಮಗಳು ದುರಸ್ತಿದಾರರನ್ನೂ ಗುರುತಿಸಿವೆ. ಈ ಕೆಲಸವನ್ನು ಜಿಲ್ಲೆಯ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ತರಬೇತಿಯಾಗಿಯೇ ಕೊಡಬಹುದು. ಹಾಗೆ ಸಿದ್ಧವಾದ ಯಂತ್ರಗಳನ್ನು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳ ಮೂಲಕ ಪುಸ್ತಕದಂತೆ ಎರವಲು ಕೊಟ್ಟರೆ, ಒಂದು ಯಂತ್ರ ವರ್ಷಕ್ಕೆ ಎಷ್ಟು ಮನೆ ಸುತ್ತಬಹುದು!

ನಾನು ಕೊನೆಗೆ ಜನವರಿಯಲ್ಲಿ ಯಾದಗಿರಿಯಲ್ಲಿ ಏಳನೇ ತಲೆಮಾರಿನ ಹಳೆಯ ಲ್ಯಾಪ್‌ಟಾಪ್ ಕೊಂಡೆ. 14,500 ರೂಪಾಯಿ, ಹೊಸ ಬ್ಯಾಟರಿಗೆ 2,200. ಒಂದು ಭಾಗದಲ್ಲಿ ಲಿನಕ್ಸ್, ಪರೀಕ್ಷೆಗಾಗಿ ಇನ್ನೊಂದರಲ್ಲಿ ವಿಂಡೋಸ್. ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ ಹತ್ತು ಸಾವಿರ, ಅವ್ವನ ಸ್ವಸಹಾಯ ಸಂಘದ ಸಾಲ ಉಳಿದದ್ದು. ಸಾಲದ ಕಂತು ಇನ್ನೂ ಏಳು ತಿಂಗಳಿದೆ. ಸಂಜೆ ಏಳರವರೆಗೆ ಯಂತ್ರ ಪಿಯುಸಿ ಓದುವ ತಂಗಿಯದು, ಆಮೇಲೆ ನನ್ನದು. ಕಳೆದ ವಾರ ಕರೆಂಟ್ ಹೋದ ರಾತ್ರಿಯಲ್ಲೂ ಮೊಬೈಲ್ ಇಂಟರ್ನೆಟ್ ಹಿಡಿದು ಒಂದು ಪರೀಕ್ಷೆ ಪೂರ್ತಿ ಬರೆದೆ. ಫಲಿತಾಂಶ ಬಂದಿಲ್ಲ. ಆದರೆ ಈ ಬಾರಿ ನಾನು ಸೋತರೂ ಪ್ರಶ್ನೆಗಳಿಗೆ ಸೋತಿರುತ್ತೇನೆ, ಕರೆಂಟಿಗಲ್ಲ. ನಮ್ಮ ಜಿಲ್ಲೆಯ ಪ್ರತಿ ವಿದ್ಯಾರ್ಥಿಗೂ ಅಷ್ಟಾದರೂ ಸಿಗಬೇಕು.