ಕಳ್ಳನಿಗೆ ಬೀಗ ಹಾಕಿದ್ದೇವೆ, ಬೆಂಕಿಗೆ ಏನು ಮಾಡಿದ್ದೇವೆ?



ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಗೇಟಿಗೆ ಬೀಗ, ಮುಂಬಾಗಿಲಿಗೆ ಎರಡು ಚಿಲಕ, ಕಿಟಕಿಗೆ ಕಂಬಿ, ಬಾಲ್ಕನಿಗೆ ನೆಲದಿಂದ ಚಾವಣಿವರೆಗೆ ಗ್ರಿಲ್, ಗೋಡೆಗೆ ಸಿಸಿಟಿವಿ. ಕಳ್ಳ ಒಳಗೆ ಬರಬಾರದೆಂದು ಸಾಲ ಮಾಡಿಯಾದರೂ ಖರ್ಚು ಮಾಡಿದ್ದೇವೆ. ಅದೇ ಮನೆಯಲ್ಲಿ ನಡುರಾತ್ರಿ ಹೊಗೆ ತುಂಬಿದರೆ ನಮ್ಮನ್ನು ಎಬ್ಬಿಸುವಂಥದ್ದು ಏನೂ ಇಲ್ಲ. ಎದ್ದರೂ ಹೊರಗೆ ಹೋಗಲು ನಾವೇ ಹಾಕಿಸಿದ ಕಂಬಿ ಬಿಡುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಹೊತ್ತಿಕೊಂಡು ತಾಯಿ-ಮಗಳು ತೀರಿಕೊಂಡರು. ಬಾಲ್ಕನಿಯಲ್ಲಿ ನಿಂತು ಕೂಗಿಕೊಂಡರೂ ಗ್ರಿಲ್ ದಾಟಿ ಬರಲಾಗಲಿಲ್ಲ. ಅದಕ್ಕೂ ಮೊದಲು, 2010ರ ಫೆಬ್ರವರಿ 23ರಂದು, ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅದು ಕಚೇರಿಗಳ ಕಟ್ಟಡ, ನಡೆದದ್ದು ಹಗಲು ಹೊತ್ತಿನಲ್ಲಿ. ಹೊಗೆ ತಾಳಲಾರದೆ ಜನ ಮೇಲಿನ ಮಹಡಿಗಳಿಂದ ಹಾರಿದರು. ಎಚ್ಚರವಾಗಿದ್ದವರ ಗತಿಯೇ ಹೀಗಾದರೆ ಮಲಗಿದವರ ಪಾಡೇನು?

ಮೊದಲು ಕೊಲ್ಲುವುದು ಹೊಗೆ

ಮನೆಗೆ ಬೆಂಕಿ ಬಿದ್ದಾಗ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ, ಹೊಗೆ ಕುಡಿದು ಸಾಯುತ್ತಾರೆ. ಸೋಫಾದ ಫೋಮ್, ಪ್ಲಾಸ್ಟಿಕ್, ವೈರು ಉರಿಯುವಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. “ವಾಸನೆ ಬಂದರೆ ಎಚ್ಚರವಾಗೇ ಆಗುತ್ತೆ” ಎಂದು ನಂಬಬೇಡಿ. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುವುದಿಲ್ಲ. ಎಬ್ಬಿಸುವುದು ಕಿವಿ. ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ಪ್ರತಿ ಮನೆಯಲ್ಲೂ ಕೆಲಸ ಮಾಡುವ ಸ್ಮೋಕ್ ಅಲಾರಂ ಇರಲಿ, ಪ್ರತಿ ಗ್ರಿಲ್‌ನಲ್ಲೂ ಒಳಗಿನಿಂದ ತೆರೆಯುವ ಬಾಗಿಲಿರಲಿ.

2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಬಲಿಯಾದರು. ಆ ದುರಂತದ ನಂತರ ಸ್ಕಾಟ್ಲೆಂಡ್ ಕಾನೂನು ಬಿಗಿ ಮಾಡಿತು. 2022ರ ಫೆಬ್ರವರಿಯಿಂದ ಅಲ್ಲಿನ ಎಲ್ಲ ಮನೆಗಳಲ್ಲೂ, ಒಂದು ಕೂಗಿದರೆ ಉಳಿದವೂ ಕೂಗುವಂಥ ಅಲಾರಂ ಕಡ್ಡಾಯ. ನಾವು ಕಾನೂನು ಬರಲೆಂದು ಕಾಯಬೇಕಿಲ್ಲ.

“ಒಗ್ಗರಣೆಗೂ ಕೂಗುತ್ತಲ್ಲ?”

ಈ ಮಾತನ್ನು ಎಲ್ಲರೂ ಕೇಳುತ್ತಾರೆ. ಅಡುಗೆಮನೆಯೊಳಗೆ ಹಾಕಿದರೆ ಖಂಡಿತ ಕೂಗುತ್ತದೆ. ಮಲಗುವ ಕೋಣೆಯ ಚಾವಣಿಗೆ, ಕೋಣೆಗಳ ನಡುವಿನ ಓಣಿಗೆ ಹಾಕಿ. ಒಲೆಯಿಂದ ಕನಿಷ್ಠ 10 ಅಡಿ ದೂರವಿರಲಿ, ದೇವರ ಮನೆಯ ಅಗರಬತ್ತಿ ಹೊಗೆಗೂ ದೂರವಿರಲಿ. ಮಹಡಿ ಮನೆಯಾದರೆ ಪ್ರತಿ ಮಹಡಿಗೂ ಒಂದು ಬೇಕು. ಕೊಳ್ಳುವಾಗ ಫೋಟೋಎಲೆಕ್ಟ್ರಿಕ್ ಎಂದು ಕೇಳಿ ಪಡೆಯಿರಿ. ಒಳಗಿನ ಬೆಳಕಿನ ಕಿರಣ ಹೊಗೆಗೆ ತಾಗಿ ಚದುರಿದಾಗ ಅದು ಕೂಗುತ್ತದೆ. ಹಾಸಿಗೆ, ಸೋಫಾಗಳಲ್ಲಿ ಮೆಲ್ಲಗೆ ಕನಲುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ.

ಸುಮ್ಮನೆ ಕೂಗಿದರೆ ಕಿಟಕಿ ತೆರೆಯಿರಿ, ಜಾಗ ಬದಲಿಸಿ. ಬ್ಯಾಟರಿ ಮಾತ್ರ ಕೀಳಬೇಡಿ. ಬ್ಯಾಟರಿ ಕಿತ್ತ ಅಲಾರಂ, ಅಲಾರಂ ಇಲ್ಲದ್ದಕ್ಕಿಂತಲೂ ಅಪಾಯ. ಅದನ್ನು ನಂಬಿ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ.

ಅಲಾರಂ ಬದುಕಿರಲಿ

• ಕರೆಂಟ್ ಬಿಲ್ ಬಂದ ದಿನ ಟೆಸ್ಟ್ ಬಟನ್ ಒತ್ತಿ. ಕೂಗಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿರುವ ಅಜ್ಜ-ಅಜ್ಜಿಗೂ ಕೇಳಿಸಬೇಕು.
• ಆಯುಧಪೂಜೆಗೆ ಗಾಡಿ, ಗ್ರೈಂಡರ್, ಹೊಲಿಗೆ ಯಂತ್ರ ಎಲ್ಲ ಒರೆಸಿ ಕುಂಕುಮ ಇಡುತ್ತೇವೆ. ಅಂದೇ ಅಲಾರಂನ ಧೂಳು ಒರೆಸಿ, ಹೊಸ ಬ್ಯಾಟರಿ ಹಾಕಿ. ಆ ಹಬ್ಬ ಮಾಡದವರು ತಮ್ಮದೇ ಒಂದು ದಿನ ಗೊತ್ತು ಮಾಡಿಕೊಳ್ಳಿ.
• ಆಗಾಗ ಕಿಚ್ ಎಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಅಂದೇ ಬದಲಿಸಿ.
• ಬಣ್ಣ ಬಳಿಸುವಾಗ ಸುತ್ತಿದ ಪ್ಲಾಸ್ಟಿಕ್ ಕವರನ್ನು ಕೆಲಸ ಮುಗಿದ ಸಂಜೆಯೇ ತೆಗೆಯಿರಿ.
• ತಯಾರಾದ ವರ್ಷ ಹಿಂಬದಿಯಲ್ಲಿರುತ್ತದೆ. 10 ವರ್ಷವಾಗಿದ್ದರೆ ಹೊಸದನ್ನೇ ತನ್ನಿ.

ಬೆಂಕಿ ಹುಟ್ಟದಿರಲಿ

ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಾಗಲಿ, ಎಕ್ಸಾಸ್ಟ್ ಫ್ಯಾನಾಗಲಿ ಹಾಕಬೇಡಿ, ಉರಿಯುತ್ತಿದ್ದರೆ ಆರಿಸಲೂ ಬೇಡಿ. ಸ್ವಿಚ್ಚಿನ ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು-ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಿ. ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಮುಚ್ಚುವುದು ರೂಢಿಯಾಗಲಿ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ಅಗಲವಾದ ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ.

ಗೀಸರ್, ಹೀಟರ್, ಎ.ಸಿ.ಗಳನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ. ಪ್ಲಗ್ ಬಿಸಿಯಾದರೆ, ಎಂಸಿಬಿ ಪದೇ ಪದೇ ಬಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಎಂಸಿಬಿ ಬೀಳುವುದೇ ಒಂದು ಎಚ್ಚರಿಕೆ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಬಾಗಿಲ ಬಳಿ, ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಹಾಕಿ ಮಲಗಬೇಡಿ. ಅದು ಹೊತ್ತಿಕೊಂಡರೆ ಇರುವ ಒಂದೇ ದಾರಿಯೂ ಮುಚ್ಚಿಹೋಗುತ್ತದೆ. ಸೊಳ್ಳೆ ಬತ್ತಿಯನ್ನು ಹಾಸಿಗೆ, ಪರದೆಗಳಿಂದ ದೂರ, ತಟ್ಟೆಯ ಮೇಲೆ ಇಡಿ.

ಅಪಾರ್ಟ್‌ಮೆಂಟ್ ಸಂಘಗಳಿಗೆ

ಕಾಟ ಕೊಡುತ್ತದೆಂದು ಆಫ್ ಮಾಡಿಟ್ಟ ಫೈರ್ ಅಲಾರಂ ಪ್ಯಾನೆಲನ್ನು ರಿಪೇರಿ ಮಾಡಿಸಿ, ಆನ್ ಮಾಡಿ. ಮೆಟ್ಟಿಲ ಮೇಲಿನ ಚಪ್ಪಲಿ ಸ್ಟ್ಯಾಂಡ್, ಹಳೇ ಸೈಕಲ್, ರಟ್ಟಿನ ಪೆಟ್ಟಿಗೆ ತೆಗೆಸಿ. ಬೆಂಕಿ ನಂದಿಸುವ ಪೈಪಿನಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಿ. ವಾರ್ಷಿಕ ಸಭೆಯಲ್ಲಿ ಬಣ್ಣ, ಲಿಫ್ಟ್, ಪಾರ್ಕಿಂಗ್ ಜೊತೆ ಇದೂ ಚರ್ಚೆಗೆ ಬರಲಿ, ಲೆಕ್ಕದಲ್ಲಿ ಇದಕ್ಕೂ ಹಣ ತೆಗೆದಿಡಿ.

ಮನೆ ಮಾಲೀಕರೇ, ಬಾಡಿಗೆಗೆ ಕೊಡುವ ಮನೆಗೆ ಫ್ಯಾನ್ ಹಾಕಿಸುವಂತೆ ಅಲಾರಂ ಕೂಡ ಹಾಕಿಸಿ. ಅಡ್ವಾನ್ಸ್ ಕೊಟ್ಟು ಬಂದ ಆ ಸಂಸಾರದ ಜೀವ ನಿಮ್ಮ ಸೂರಿನಡಿ ಇದೆ.

ಇವತ್ತೇ ಮಾಡಿ

1. ಗ್ರಿಲ್ ಬೀಗದ ಕೀ ಎಲ್ಲಿದೆ ಹುಡುಕಿ, ಬೀಗ ತೆರೆದು ನೋಡಿ. ಮಕ್ಕಳಿಗೂ ತಿಳಿದ ಒಂದೇ ಜಾಗದಲ್ಲಿ, ಕಳ್ಳನ ಕೈಗೆ ಎಟುಕದಂತೆ ಅದನ್ನು ನೇತುಹಾಕಿ. ಗ್ರಿಲ್‌ಗೆ ಬಾಗಿಲೇ ಇಲ್ಲದಿದ್ದರೆ ಈ ವಾರವೇ ವೆಲ್ಡರ್ ಕರೆಸಿ.
2. ಮನೆಯವರೆಲ್ಲ ಕೂತು ಮಾತಾಡಿ: ಹೊಗೆ ಬಂದರೆ ಯಾವ ದಾರಿ, ಅಜ್ಜಿಯನ್ನು ಯಾರು ಕರೆದೊಯ್ಯಬೇಕು, ಹೊರಗೆ ಎಲ್ಲಿ ಸೇರಬೇಕು. ಹೊಗೆಯಲ್ಲಿ ಬಗ್ಗಿ ತೆವಳಬೇಕು, ಲಿಫ್ಟ್ ಹತ್ತಬಾರದು, ಒಡವೆಗಾಗಿ ಮರಳಿ ಒಳಗೆ ಹೋಗಬಾರದು.
3. ಅಲಾರಂ ಇದ್ದರೆ ಬಟನ್ ಒತ್ತಿ. ಇಲ್ಲದಿದ್ದರೆ ಕೊಳ್ಳಿ. ಕೊಳ್ಳಲು ಕಷ್ಟವಿರುವ ಮನೆಗೆ ಪಕ್ಕದವರು ಸೇರಿ ಕೊಡಿಸೋಣ. ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ ಒಂದು ಮನೆಯ ಬೆಂಕಿ ಒಂದೇ ಮನೆಗೆ ನಿಲ್ಲುವುದಿಲ್ಲ.

ಅಗ್ನಿಶಾಮಕ ದಳ: 101
ಎಲ್ಲ ತುರ್ತು ನೆರವಿಗೆ: 112
ಗ್ಯಾಸ್ ಸೋರಿಕೆಗೆ: 1906

ಈ ನಂಬರ್‌ಗಳನ್ನು ಬಾಗಿಲ ಹಿಂದೆ ಅಂಟಿಸಿ. ಓದಿದ ಮೇಲೆ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

— ನಿಮ್ಮ ಬಡಾವಣೆಯ ನಿವಾಸಿಗಳು